ಪೆಡಲ್ ದೋಣಿಯಲ್ಲಿ ಹೆಣ್ಣು ನೋಡಿದ್ದು

ತೊಂಬತ್ತರ ದಶಕದ ಕೊನೆಯಲ್ಲಿ ತಂಬ್ರಹಳ್ಳಿ ಕಡೆಯ ಹಿನ್ನೀರಿಗೆ ಯಾರೋ ಪುಣ್ಯಾತ್ಮರು ಎರಡು ಪೆಡಲ್ ದೋಣಿ ತಂದು ಬಿಟ್ಟರು. ಬಾತುಕೋಳಿಯ ಕುತ್ತಿಗೆ, ಬಣ್ಣ ಹಾರಿದ ಮೂತಿ. ದುಡ್ಡು ಕೊಟ್ಟು ಕಾಲು ನೋಯಿಸಿಕೊಳ್ಳಲು ಜನ ಹಗರಿಬೊಮ್ಮನಹಳ್ಳಿಯಿಂದ ಟೆಂಪೊ ಮಾಡಿಕೊಂಡು ಬರುತ್ತಿದ್ದರು. ಮನೆಯಲ್ಲಿ ಒಂದು ಕೊಡ ನೀರು ಎತ್ತಿಕೊಡದ ಗಂಡಸರೆಲ್ಲ ಅಲ್ಲಿ ಬೆವರು ಸುರಿಸುತ್ತಿದ್ದರು.

ನನ್ನನ್ನು ನೋಡಲು ಬಂದ ಕೊಟ್ಟೂರಿನ ಗಂಡಿನವರಿಗೂ ಅದೇ ಹುಚ್ಚು. ಮನೆಯಲ್ಲಿ ಚಾಪೆ ಹಾಸಿ, ಉಪ್ಪಿಟ್ಟು ಕೊಟ್ಟು ಮುಗಿಸಬಹುದಾದ ಕೆಲಸ. 'ನಾವು ಹೊಸ ಕಾಲದವರು. ಹುಡುಗ ಹುಡುಗಿ ದೋಣ್ಯಾಗ ಕುಂತು ಮಾತಾಡ್ಲಿ ಬಿಡ್ರಿ' ಎಂದರು. ಆ ಕಾಲ ಎಷ್ಟು ಹೊಸದೆಂದರೆ, ಹಿಂದಿನ ಸೀಟಿನಲ್ಲಿ ಕಾವಲಿಗೆಂದು ನನ್ನ ಸೋದರಮಾವನನ್ನೂ ಕೂರಿಸಿದರು. ಅವನಿಗೆ ನೀರೆಂದರೆ ಪ್ರಾಣಭಯ. ಕಣ್ಣು ಮುಚ್ಚಿದವನು ದಡ ಮುಟ್ಟುವವರೆಗೂ ತೆರೆಯಲಿಲ್ಲ. ದೋಣಿ ಹತ್ತುವಾಗ ಅವ್ವ ನನ್ನ ಕಿವಿಯಲ್ಲಿ 'ತಲಿ ಎತ್ತಬ್ಯಾಡ' ಎಂದಳು.

ಎತ್ತಲಿಲ್ಲ. ಹಾಗಾಗಿ ಆ ಮಹಾಶಯನ ಮುಖ ಹೇಗಿತ್ತೆಂದು ಇವತ್ತಿಗೂ ನನಗೆ ಗೊತ್ತಿಲ್ಲ. ಕಾಲು ಮಾತ್ರ ಚೆನ್ನಾಗಿ ನೋಡಿದೆ. ಹೊಸ ಬೂಟು. ಇಬ್ಬರ ಪೆಡಲಿಗೂ ಒಂದೇ ಕಬ್ಬಿಣದ ಸರಳು, ಒಬ್ಬರು ತುಳಿದರೆ ಇನ್ನೊಬ್ಬರದೂ ತಿರುಗುತ್ತದೆ. ಅವನು ಬೂಟುಗಾಲನ್ನು ಸುಮ್ಮನೆ ಅದರ ಮೇಲಿಟ್ಟುಕೊಂಡು ತನ್ನ ಬೈಕಿನ ಪುರಾಣ ಹೇಳುತ್ತಿದ್ದ. ರೇಷ್ಮೆ ಸೀರೆಯ ನೆರಿಗೆ ಮುದುರಿ ಹಿಡಿದು ತುಳಿಯುತ್ತಿದ್ದವಳು ನಾನು. ಅನುಮಾನ ಬಂದು ಕಾಲು ನಿಲ್ಲಿಸಿದೆ. ಬೂಟೂ ನಿಂತಿತು, ದೋಣಿಯೂ ನಿಂತಿತು.

'ಏನೋ ಕೆಟ್ಟೈತಿ ಇದು' ಎಂದು ನಾಲ್ಕು ಸಲ ಹ್ಯಾಂಡಲ್ ಅಲ್ಲಾಡಿಸಿದ. ನಾನು ಮತ್ತೆ ತುಳಿದೆ. 'ನೋಡ್ದೇನು, ಹೆಂಗ ಸರಿ ಮಾಡಿದೆ!' ಎಂದ. ಮೈಯೆಲ್ಲ ಉರಿದುಹೋಯಿತು.

ದಡದಲ್ಲಿ ಅವನ ತಾಯಿ, 'ಅಷ್ಟು ದೂರ ತುಳದು ದಣದಾನ ನನ್ನ ಮಗ' ಎಂದು ಅವನಿಗೆ ಸೋಡಾ ತರಿಸಿದರು. ನನ್ನ ಮೊಣಕಾಲು ಗಡಗಡ ನಡುಗುತ್ತಿದ್ದದ್ದನ್ನು ನೋಡಿ, 'ಹುಡುಗಿಗೆ ನಾಚಿಕಿ ಭಾಳ' ಎಂದು ಮೆಚ್ಚಿಕೊಂಡರು. ಅವರು ಒಪ್ಪಿಗೆ ಹೇಳಿಯೇ ಹೋದರು. ಇನ್ನು ನಮ್ಮ ಕಡೆಯ ಒಂದು ಮಾತು ಬಾಕಿ. ಅಪ್ಪ ಆಗಲೇ ಛತ್ರದ ಲೆಕ್ಕಾಚಾರದಲ್ಲಿದ್ದರು.

ಸಂಜೆ ಅಡುಗೆಮನೆಯ ಬಾಗಿಲಲ್ಲಿ ನಿಂತು ಹೇಳಿಯೇಬಿಟ್ಟೆ. 'ಅಪ್ಪಾ, ನನಗ ಬ್ಯಾಡ. ಪೂರಾ ತುಳದಾಕಿ ನಾನು. ಅವ ಬರೇ ಕಾಲಿಟ್ಟಿದ್ದ.'

ಅಪ್ಪ ನಕ್ಕರು. 'ಇಷ್ಟಕ್ಕ ಯಾರಾದ್ರೂ ಬ್ಯಾಡ ಅಂತಾರೇನವ್ವಾ? ಗಂಡಸರೆಲ್ಲಾ ಹಂಗ ಇರ್ತಾರ.'

ಅವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ, ತಲೆಯೆತ್ತಿ ಅಪ್ಪನ ಮುಖ ನೋಡಿದಳು.

'ಹೌದು, ಹಂಗ ಇರ್ತಾರ. ಬ್ಯಾಡ ಅಂತ ಹೇಳಿ ಕಳಸ್ರಿ.'