ಗೆಳತಿಯ ಮಗನ ಬಟ್ಟೆಯ ಬೂಟು

ಮಗಳು ನಡೆಯಲು ಶುರುಮಾಡಿದ ವಾರವೇ ಅತ್ತೆ ವಿಜಯಪುರದ ಗಾಂಧಿ ಚೌಕಕ್ಕೆ ಹೋಗಿ ಬೂಟು ತಂದರು. ಗುಲಾಬಿ ಪ್ಲಾಸ್ಟಿಕ್ಕಿನವು. ಹೆಜ್ಜೆ ಇಟ್ಟರೆ ಪೀಂ ಎನ್ನುತ್ತಿದ್ದವು, ಹಿಮ್ಮಡಿಯಲ್ಲಿ ದೀಪ ಮಿನುಗುತ್ತಿತ್ತು.

"ಹುಡುಗಿ ಬೆಳಿತಾಳ ಅಂತ ಎರಡ ನಂಬರ್ ದೊಡ್ಡವ ತಂದೀನಿ. ಮುಂದ ಹತ್ತಿ ತುರುಕು, ವರ್ಷತನಕಾ ಬರ್ತಾವ" ಎಂದರು.

ಪ್ರೀತಿಯಿಂದಲೇ ತಂದಿದ್ದರು, ಅಲ್ಲವೆನ್ನುವುದಿಲ್ಲ. ಆದರೆ ಟಿಕೋಟಾದ ನಮ್ಮ ಅಂಗಳದಲ್ಲಿ ಮಗಳು ಮೂರು ಹೆಜ್ಜೆಗೊಮ್ಮೆ ಮುಗ್ಗರಿಸಿದಳು. ಸಂಜೆ ಬಿಚ್ಚಿದರೆ ಪಾದ ಬೆವೆತು ಮುದುಡಿತ್ತು, ಹಿಮ್ಮಡಿಯಲ್ಲಿ ಗುಳ್ಳೆ ಎದ್ದಿತ್ತು.

ನಾನು ಬಬಲೇಶ್ವರದ ಶಾಲೆಯೊಂದರಲ್ಲಿ ಶಿಕ್ಷಕಿ. ಜೊತೆಗೆ ಕಲಿಸುವ ಗೆಳತಿಗೆ ಹೇಳಿಕೊಂಡೆ. ಮರುದಿನ ಅವಳು ತನ್ನ ಮಗನಿಗೆ ಬಿಗಿಯಾಗಿದ್ದ ಬಟ್ಟೆಯ ಬೂಟುಗಳನ್ನು ತಂದಳು. ತೆಳು ರಬ್ಬರ್ ತಳ, ಬೆರಳಲ್ಲಿ ಹಿಡಿದರೆ ಚಪಾತಿಯಂತೆ ಮಡಚಿಕೊಳ್ಳುತ್ತಿತ್ತು.

"ತಳಾ ಒಂದ ಕಡೆ ಸವದಿಲ್ಲ ನೋಡವಾ. ಒಗದು ಬಿಸಲಿಗೆ ಒಣಗ್ಸೀನಿ. ಈ ವಯಸ್ಸಿನಾಗ ಕಾಲು ನೋಡ್ತಾ ನೋಡ್ತಾ ಬೆಳಿತಾವ. ಎಷ್ಟಂತ ಹೊಸಾವ ತಂದು ತಿಪ್ಪಿಗೆ ಒಗಿತಿ?"

ಮನೆಗೆ ಬಂದು ತೊಡಿಸಿ, ಮಗಳನ್ನು ನಿಲ್ಲಿಸಿ, ತುದಿ ಒತ್ತಿ ನೋಡಿದೆ. ಹೆಬ್ಬೆರಳ ಮುಂದೆ ನನ್ನ ಕಿರುಬೆರಳಿನ ಅಗಲದಷ್ಟು ಜಾಗವಿತ್ತು. ಕೈ ಬಿಟ್ಟದ್ದೇ ತಡ, ಓಡಿದಳು.

"ಯಾರ್ವು ಇವು?" ಅತ್ತೆ ಕೇಳಿದರು. ಹೇಳಿದೆ. ಗೆಳತಿಯದು ಬೌದ್ಧ ಧರ್ಮಕ್ಕೆ ಸೇರಿದ ದಲಿತ ಕುಟುಂಬ. ಅತ್ತೆಗೆ ಆ ಮನೆತನದ ಹಳೆಯ ಜಾತಿಯಷ್ಟೇ ನೆನಪು.

"ಮಂದಿ ಕಾಲಾಗಿಂದು ಹಾಕ್ಕೊಂಡ್ರ ಮಂದಿ ಪೀಡಾ ಬರ್ತೈತಿ. ಅದರಾಗ ಅವರ ಮನಿವು! ಹೊರಗ ಒಗಿ."

"ಪೀಡಾ ಅನಬ್ಯಾಡ್ರಿ, ಜಾತಿ ಅನ್ರಿ" ಎಂದೆ. "ಅಕಿ ಡಬ್ಬಿಯೊಳಗಿನ ರೊಟ್ಟಿ ಮೂರ ವರ್ಷದಿಂದ ತಿನ್ನಾಕತ್ತೇನಿ. ನನಗೇನ ಆಗೇತ್ರಿ?"

ಮರುದಿನ ಶಾಲೆಯಿಂದ ಬಂದಾಗ ಬೂಟುಗಳು ಹಿತ್ತಲ ಕಸದ ಬುಟ್ಟಿಯಲ್ಲಿದ್ದವು. ತೆಗೆದು, ಒಗೆದು, ಓಣಿಗೆಲ್ಲ ಕಾಣುವಂತೆ ಮುಂದಿನ ಕಟ್ಟೆಯ ಮೇಲೆ ಒಣಹಾಕಿದೆ.

"ಒಂದ ಜೋಡಿ ಬೂಟಿಗೆ ಯಾಕ ಜಗಳಾ? ಹೊಸಾವ ತರ್ತೀನಿ ಬಿಡು" ಎಂದರು ಗಂಡ.

"ಬ್ಯಾಡ್ರಿ. ಮಗಳು ಇವನ್ನ ಹಾಕ್ಕೋತಾಳ."

ಆ ಭಾನುವಾರ ಪಕ್ಕದ ಮನೆಯಲ್ಲಿ ಕೂಸಿನ ಹೆಸರಿಡುವ ಕಾರ್ಯ. ಮಗಳಿಗೆ ಅವನ್ನೇ ತೊಡಿಸಿ ಕರೆದೊಯ್ದೆ. ಒಬ್ಬಾಕೆ, "ಛಲೋ ಅದಾವ, ಎಲ್ಲಿ ತಂದಿ?" ಎಂದು ಕೇಳಿದಳು. ಅತ್ತೆ ಕಣ್ಣಲ್ಲೇ ತಡೆದರು. ನಾನು ಗೆಳತಿಯ ಹೆಸರನ್ನೂ ಮನೆತನವನ್ನೂ ಗಟ್ಟಿಯಾಗಿಯೇ ಹೇಳಿದೆ. ಇಬ್ಬರು ಮಾತು ಬದಲಿಸಿದರು. ಕೇಳಿದಾಕೆ ಮಾತ್ರ ಬಗ್ಗಿ ತಳ ಒತ್ತಿ ನೋಡಿ, "ಮೆತ್ತಗದಾವಲ್ಲ!" ಎಂದಳು.

ಅತ್ತೆ ಒಂದು ವಾರ ನನ್ನೊಡನೆ ಮಾತಾಡಲಿಲ್ಲ. ನಾನು ಕ್ಷಮೆ ಕೇಳಲಿಲ್ಲ. ಬೂಟುಗಳು ಮತ್ತೆ ಬುಟ್ಟಿಗೆ ಹೋಗಲಿಲ್ಲ, ಅಷ್ಟು ಸಾಕಾಗಿತ್ತು.

ಎರಡು ತಿಂಗಳಿಗೆ ಅವೂ ಬಿಗಿಯಾದವು. ಗೆಳತಿ ಹಿಂಜರಿಯುತ್ತಲೇ ಕೇಳಿದಳು, "ಮುಂದಿನ ನಂಬರಿನವ ಅದಾವ. ನಿಮ್ಮ ಮನ್ಯಾಗ ನಡಿತೈತೇನ?"

"ನಾ ನಡಸ್ತೀನಿ" ಎಂದೆ. "ನೀ ತಗೊಂಡ ಬಾ."