ಜಡೆ ಹಾಕಿದ ಪೈರು

ಈ ವರ್ಷ ಮಾರ್ಚ್ ಕೊನೆಯ ವಾರ ಕಾಪು ಬಳಿಯ ನಮ್ಮ ಬೈಲಿನ ಕೊನೆಯ ಗದ್ದೆಗೂ ಕೆಂಪು ಮಣ್ಣು ತುಂಬಿಸಿದರು. ಜೆಸಿಬಿ ಅಂಚಿನ ಕಟ್ಟೆಯನ್ನು ಅಗೆದಾಗ ಒಳಗಿನ ಹಳೆಯ ಕೆಸರಿನ ವಾಸನೆ ಮೇಲೆದ್ದಿತು. ಬಾಯಮ್ಮನ ಅಂಗಳದಲ್ಲಿ ಮಳೆಗಾಲವಿಡೀ ಇರುತ್ತಿದ್ದ ವಾಸನೆ ಅದೇ.

ಅವರು ನಮ್ಮ ನೆರೆಮನೆಯವರು. ಮನೆಯಲ್ಲಿ ಕೊಂಕಣಿ, ಗದ್ದೆಯಲ್ಲಿ ತುಳು, ನನ್ನೊಡನೆ ಮಾತ್ರ ಇಗರ್ಜಿಯಲ್ಲಿ ಓದಿದ ಹಾಗೆ ಬಿಡಿಸಿ ಬಿಡಿಸಿ ಕನ್ನಡ. ನಾನು ಪತ್ರಿಕೆಯವನು ಎಂಬುದು ಅದಕ್ಕೆ ಕಾರಣ.

ಅವರ ಗದ್ದೆಯಲ್ಲಿ ಪ್ರತಿ ಮಳೆಗಾಲ ಹುಂಡುಕೋಳಿ ಗೂಡು ಕಟ್ಟುತ್ತಿತ್ತು. ಬಿಳಿ ಎದೆಯ, ಮನುಷ್ಯರನ್ನು ಕಂಡರೆ ಓಡುವ ಹಕ್ಕಿ. ಬಾಯಮ್ಮ ಗೂಡು ಹುಡುಕಿ, ಅದರ ಮೇಲಿನ ಪೈರನ್ನು ಹುಡುಗಿಯ ಕೂದಲಿನಂತೆ ಜಡೆ ಹಾಕಿ ಬಿಡುತ್ತಿದ್ದರು. ಕೊಯ್ಲಿನ ಹೆಂಗಸರಿಗೆ ಅದು ಗುರುತು. ಜಡೆ ಕಂಡರೆ ಸುತ್ತ ಒಂದು ಮಾರು ಪೈರು ಬಿಟ್ಟು ಕತ್ತಿ ಮುಂದೆ ಸಾಗುತ್ತಿತ್ತು. ಮರಿಗಳು ಹೊರಟ ಮೇಲೆ ಅದನ್ನು ಬಾಯಮ್ಮನೇ ಕೊಯ್ಯುತ್ತಿದ್ದರು.

"ನಿಮ್ಮ ಅಕ್ಕಿ ಎಲ್ಲ ಹಕ್ಕಿಗೇ ಹೋಗ್ತದೆ ಬಾಯಮ್ಮ, ನಮಗೆ ಎಂತ ಉಂಟು?" ಎಂದು ಒಬ್ಬಳು ಕೆಣಕುತ್ತಿದ್ದಳು.

"ಅದು ಹುಳ ತಿಂತದೆ, ನೀನು ಗಂಜಿ ತಿನ್ನು ಮಾರಾಯ್ತಿ. ಜಗಳ ಎಂತಕ್ಕೆ?"

ಕೊಯ್ಯುವವರು ಕಡಿಮೆಯಾದರು. ಎಂಟು ವರ್ಷದ ಹಿಂದೆ ಬೈಲಿಗೆ ಮೊದಲ ಬಾರಿ ಕಟಾವು ಯಂತ್ರ ಬಂತು. ಚಾಲಕ ತಮಿಳಿನವನು. ಅದು ಬರುವ ದಿನವೇ ಬಾಯಮ್ಮನಿಗೆ ಮಣಿಪಾಲದಲ್ಲಿ ಕಣ್ಣಿನ ಆಪರೇಷನ್. ಚೆನ್ನೈಯಲ್ಲಿ ಎರಡು ವರ್ಷ ಕೆಲಸ ಮಾಡಿದ್ದ ನನಗೆ ತಮಿಳು ಬರುತ್ತದೆಂದು ಅವರಿಗೆ ಗೊತ್ತಿತ್ತು.

"ಆರು ಮೊಟ್ಟೆ ಉಂಟು ಪುತಾ. ಇನ್ನು ನಾಲ್ಕು ದಿನ ಸಾಕು. ನೀನು ಅಲ್ಲಿ ನಿಂತು ತೋರಿಸು, ಅಷ್ಟೇ," ಎಂದರು. ಮಗನೇ ಎನ್ನುವುದಕ್ಕೆ ಅವರ ಕೊಂಕಣಿಯಲ್ಲಿ ಪುತಾ.

ನಿಂತೆ. ಚಾಲಕನಿಗೆ ಹೇಳಿದೆ. ಎಲ್ಲಿ ಎಂದು ಕೇಳಿದ. ಹತ್ತಿರ ಬಂದಾಗ ತೋರಿಸುತ್ತೇನೆ ಎಂದೆ. ಹಿಂದಿನ ದಿನದ ಮಳೆಗೆ ಪೈರು ಬಾಗಿ, ಜಡೆ ದೂರಕ್ಕೆ ಕಾಣುತ್ತಿರಲಿಲ್ಲ.

ಆಗ ಕಚೇರಿಯಿಂದ ಫೋನ್ ಬಂತು. ಉಚ್ಚಿಲದ ಹೆದ್ದಾರಿಯಲ್ಲಿ ಟೆಂಪೊ ಮಗುಚಿತ್ತು, ವಿವರ ಬೇಕಿತ್ತು. ಯಂತ್ರದ ಸದ್ದಿಗೆ ಏನೂ ಕೇಳಿಸದೆ ರಸ್ತೆಗೆ ಹತ್ತಿದೆ. ಹತ್ತು ನಿಮಿಷ... ಹೆಚ್ಚೆಂದರೆ ಹನ್ನೆರಡು.

ಹಿಂತಿರುಗಿದಾಗ ಯಂತ್ರ ಆಚೆ ಬದಿಯಲ್ಲಿ ತಿರುಗುತ್ತಿತ್ತು. ಒದ್ದೆ ಹುಲ್ಲಿನಲ್ಲಿ ಚಿಪ್ಪುಗಳಿದ್ದವು. ಒಂದರಲ್ಲಿ ಕಪ್ಪು ತುಪ್ಪುಳ ಮೂಡಿದ್ದ ಮರಿ. ಗದ್ದೆಯ ಬದಿಯಲ್ಲಿ ಹರಿಯುವ ತೋಡಿನ ಕೇದಗೆ ಪೊದೆಯಲ್ಲಿ ಹಕ್ಕಿ ಕೂಗುತ್ತಿತ್ತು. ಕತ್ತಲಾಗುವವರೆಗೂ ಕೂಗಿತು.

ಮರುದಿನ ಬಾಯಮ್ಮ ಒಂದು ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ರಿಕ್ಷಾದಿಂದ ಇಳಿದರು. ಮನೆಗೆ ಹೋಗದೆ ನೇರ ಗದ್ದೆಯ ಅಂಚಿಗೆ ಬಂದು, ಇನ್ನೊಂದು ಕಣ್ಣಿನಲ್ಲಿ ಬಹಳ ಹೊತ್ತು ನೋಡಿದರು.

"ನೀನು ಇಲ್ಲೇ ಇದ್ದಿಯಲ್ಲ ಪುತಾ?"

"ರಸ್ತೆಯಲ್ಲಿದ್ದೆ," ಎಂದೆ.

ಅವರು ತಲೆಯಾಡಿಸಿದರು. ಆ ಮಾತನ್ನು ಮತ್ತೆ ಎಂದೂ ಎತ್ತಲಿಲ್ಲ. ಬೈದಿದ್ದರೆ... ಬೈಯಲಿಲ್ಲ. ಇಗರ್ಜಿಯಲ್ಲಿ ಹೊಸ ತೆನೆ ಹಂಚುವ ಮೊಂತಿ ಹಬ್ಬಕ್ಕೆ ಹೊಸ ಅಕ್ಕಿಯ ಪಾಯಸ ನಮ್ಮ ಮನೆಗೆ ಮೊದಲಿನ ಹಾಗೆಯೇ ಬರುತ್ತಿತ್ತು. ಉಚ್ಚಿಲದ ಸುದ್ದಿ, ಅವರು ಆಸ್ಪತ್ರೆಯಿಂದ ಬಂದ ದಿನ ಬೆಳಿಗ್ಗೆ, ಒಳಪುಟದಲ್ಲಿ ಬಂದಿತ್ತು. ಆರು ಸಾಲು.

ಮುಂದಿನ ಮೂರು ಮಳೆಗಾಲ ಅವರು ಗೂಡು ಹುಡುಕಿದರು. ಪ್ರತಿದಿನ, ಮೊಣಕಾಲಿನವರೆಗೆ ನೀರಿನಲ್ಲಿ. ಜಡೆ ಹಾಕುವ ಸಂದರ್ಭ ಬರಲಿಲ್ಲ. ನಾಲ್ಕನೆಯದಕ್ಕೆ ಅವರಿರಲಿಲ್ಲ. ಗದ್ದೆ ಉಳುವವರಿಲ್ಲದೆ ಹಡಿಲು ಬಿತ್ತು, ಆಮೇಲೆ ಮಾರಾಟವಾಯಿತು.

ಈಗ ಅಲ್ಲಿ ಕೆಂಪು ಮಣ್ಣು, ನಾಲ್ಕು ಮೂಲೆಗೆ ಕಲ್ಲು. ತೋಡು ಉಳಿದಿದೆ. ಕಳೆದ ಭಾನುವಾರ ಬೆಳಿಗ್ಗೆ ತೋಡಿನ ಬದಿಯಲ್ಲಿ ಒಂದು ಹುಂಡುಕೋಳಿ ಕಂಡಿತು. ಕೊಕ್ಕಿನಲ್ಲಿ ಒಣಹುಲ್ಲಿನ ಎಳೆಯಿತ್ತು. ಕೆಂಪು ಮಣ್ಣಿನ ಮೇಲೆ ಅತ್ತಿತ್ತ ನಡೆದು, ಹುಲ್ಲನ್ನು ಅಲ್ಲೇ ಬಿಟ್ಟು ಹೋಯಿತು.