ಬಾಗಿಲ ಬಳಿ ನೇತುಬಿದ್ದ ಕಂತುಗಳು

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಅಡುಗೆಮನೆಗೆ ಅಂಟಿಕೊಂಡ ಉದ್ದನೆಯ ಕೋಣೆಯಲ್ಲಿ ಗೋಡೆಯಿಂದ ಗೋಡೆಗೆ ಬಟ್ಟೆ ಒಣಹಾಕುವ ಹಗ್ಗ. ಹಗ್ಗದ ಉದ್ದಕ್ಕೂ ಕ್ಲಿಪ್ಪುಗಳು, ಒಂದೊಂದು ಕ್ಲಿಪ್ಪಿಗೂ ಅಂಗೈಯಗಲದ ಚೀಟಿ, ಚೀಟಿಗೊಂದು ಕಂತಿನ ಹೆಸರು. ಹೆಡ್‌ಫೋನ್ ಏರಿಸಿಕೊಂಡ ನಡುವಯಸ್ಸಿನ ಹೆಂಗಸೊಬ್ಬರು ಮಧ್ಯದ ಚೀಟಿಯೊಂದನ್ನು ಕಿತ್ತು, ಎಡಕ್ಕೆ ಸರಿದು, ಬೇರೆ ಎರಡರ ನಡುವೆ ಸಿಕ್ಕಿಸುತ್ತಾರೆ. ತಲೆ ಓರೆ ಮಾಡಿ ನೋಡುತ್ತಾರೆ. ಸಮಾಧಾನವಿಲ್ಲ. ಮತ್ತೆ ಕಿತ್ತು ಇನ್ನೊಂದು ಕಡೆಗೆ.

"ಇದಕ್ಕೆ ಕರು ಭೇದಿ ಅಂತ ಹೆಸರಿಟ್ಟಿದ್ದಾರೆ. ಕೇಳಿದ್ರೆ ಮುಕ್ಕಾಲು ಪಾಲು ಕೊಟ್ಟಿಗೆ ನೆಲದ ಮಾತು. ಹೆಸರು ನಂಬಿಕೊಂಡು ಕೂತ್ರೆ ಕೆಲಸ ಕೆಟ್ಟಂಗೇ" ಎನ್ನುತ್ತಾರೆ.

ಬೀದಿಯವರು ಇವರನ್ನು ಕರೆಯುವುದು ‘ಹೆಡ್‌ಫೋನ್ ಅಕ್ಕ’ ಎಂದು. ದನದ ಆಸ್ಪತ್ರೆಯ ಡಾಕ್ಟರು ಮತ್ತು ಅಲ್ಲಿನ ಹಳೆಯ ಕಾಂಪೌಂಡರು ಸೇರಿ ನಡೆಸುವ ಪಾಡ್‌ಕಾಸ್ಟನ್ನು ಸೀಸನ್‌ಗಳಾಗಿ ಜೋಡಿಸುವುದು ಅಕ್ಕನ ಕೆಲಸ. ಹಾಲು ಕರೆಯುತ್ತ, ಮೇವು ಕತ್ತರಿಸುತ್ತ ಈ ಇಬ್ಬರ ಮಾತು ಕೇಳುವವರು ಸುತ್ತಮುತ್ತ ಬಹಳ ಮಂದಿ. ಅವರಲ್ಲಿ ಅಕ್ಕನ ಹೆಸರು ಕೇಳಿದವರು ಯಾರೂ ಇದ್ದಂತಿಲ್ಲ.

ಮೊದಲು ಅಕ್ಕ ಇದ್ದದ್ದು ಬೀಜದಂಗಡಿಯಲ್ಲಿ, ಬೀಜ ಆರಿಸುವ ಕೆಲಸಕ್ಕೆ. ಆ ಕೆಲಸವನ್ನು ಯಂತ್ರ ನುಂಗಿಕೊಂಡಾಗ ಆಸ್ಪತ್ರೆಗೆ ಕರೆತಂದವರು ಕಾಂಪೌಂಡರೇ. ಆಗ ಪಾಡ್‌ಕಾಸ್ಟು ಒಂದು ರಾಶಿ. ಆಸ್ಪತ್ರೆ ಬಾಗಿಲು ಹಾಕಿದ ಮೇಲೆ ಇಬ್ಬರೂ ಹಿಂದಿನ ಕೋಣೆಯಲ್ಲಿ ಕೂತು, ಬಾಯಿಗೆ ಬಂದದ್ದನ್ನು ಮಾತಾಡಿ, ಹಾಗೇ ನೆಟ್ಟಿಗೆ ಏರಿಸಿಬಿಡುತ್ತಿದ್ದರು. ಕೆಚ್ಚಲುಬಾವಿನ ಹಿಂದೆ ಗೊರಸು, ಗೊರಸಿನ ಹಿಂದೆ ಕುರಿಯ ಉಣ್ಣೆ. ಹೊಸದಾಗಿ ಹಸು ಕಟ್ಟಿದವನಿಗೆ ಎಲ್ಲಿಂದ ಕೇಳಬೇಕೆಂಬುದೇ ತಿಳಿಯದು. ಅದಕ್ಕೆ ಈ ಸೀಸನ್ನು: ಒಂದು ವಿಷಯಕ್ಕೆ ಒಂದು ಕಟ್ಟು, ಕಟ್ಟಿಗೊಂದು ಮೊದಲು, ಒಂದು ಕೊನೆ.

ಕೇಳಲು ಸುಲಭ. ಕಟ್ಟಲು ಹೊರಟರೆ ಪ್ರತಿ ಕಂತೂ ಎರಡು ಕಡೆ ಸಲ್ಲುವಂಥದ್ದು. ಮನೆ ಎದ್ದರೆ ಕಿವಿ ಕೆಡುತ್ತದೆಂದು ಅಕ್ಕ ನಸುಕಿನಲ್ಲೇ ಏಳುತ್ತಾರೆ. ಮನೆಯ ಸಂಶಯಗಳಂತೂ ಎದ್ದೇ ಇರುತ್ತವೆ. "ಕತ್ತಲಲ್ಲಿ ಗಂಡಸರ ದನಿ ಕಿವಿಗೆ ತುರುಕ್ಕೊಂಡು ಒಬ್ಬಳೇ ನಗ್ತಾಳೆ, ಏನು ಕತೆಯೋ" ಎಂದು ಅತ್ತೆ ಮೊದಮೊದಲು ಮಗನ ಕಿವಿ ಕಚ್ಚಿದ್ದರು. ಒಂದು ದಿನ ತಾವೇ ಹೆಡ್‌ಫೋನ್ ಹಾಕಿಸಿಕೊಂಡು, ಎಮ್ಮೆ ಈದ ಮೇಲೆ ಕಸ ಬೀಳದಿರುವುದರ ಬಗ್ಗೆ ಅರ್ಧ ಗಂಟೆ ಕೇಳಿ, ಮುಖ ಹಿಂಡಿಕೊಂಡು ತೆಗೆದಿಟ್ಟರು. ಆ ಸಂಶಯ ಅಲ್ಲಿಗೆ ಮುಗಿಯಿತು. ಈಗಿನ ದೂರು ಬೇರೆ: "ಮನೇಲಿರೋ ಕ್ಲಿಪ್ಪೆಲ್ಲ ನಿನ್ನ ಚೀಟಿಗೇ ಆದ್ರೆ ನನ್ನ ಸೀರೆ ಗಾಳಿಗೆ ಹಾರಿ ಹೋಗ್ಲಾ?" ಒಮ್ಮೆ ಅವರು ಕೈಗೆ ಸಿಕ್ಕ ಕ್ಲಿಪ್ಪು ಕಿತ್ತುಕೊಂಡು ಹೋಗಿ, ಕಟ್ಟಿದ್ದ ಸೀಸನ್ನೊಂದು ನೆಲದ ಮೇಲೆ ಹರಡಿತ್ತು.

ಅಕ್ಕನೂ ಸುಲಭಕ್ಕೆ ನಂಬುವವರಲ್ಲ. "ಮಾತಿನ ಮಧ್ಯೆ ಉಸಿರಿನ ಸದ್ದೇ ಕೇಳದೇ ಇದ್ರೆ, ಅಲ್ಲಿ ಯಾರೋ ಏನೋ ಕತ್ತರಿಸಿದ್ದಾರೆ ಅಂತಲೇ ನಾನು ತಿಳ್ಕೊಳೋದು" ಎನ್ನುತ್ತಾರೆ.

ಮೂರನೆಯ ಸೀಸನ್ನಿನ ಹೊತ್ತಿಗೆ ಈ ಸ್ವಭಾವಕ್ಕೆ ಮೇವು ಸಿಕ್ಕಿತು. ಆರು ಕಂತುಗಳನ್ನು ಯಾವ ಸೀಸನ್ನಿಗೂ ಸೇರಿಸುವುದು ಬೇಡ ಎಂದು ಡಾಕ್ಟರಿಂದ ಸಂದೇಶ ಬಂತು. ಕಾರಣ, ಶಬ್ದ ಸರಿಯಿಲ್ಲ. ಅಕ್ಕ ಆರನ್ನೂ ಕೂತು ಕೇಳಿದರು. ಶಬ್ದ ಗಂಟೆ ಹೊಡೆದಂತೆ ಸ್ಪಷ್ಟವಾಗಿತ್ತು. ಆರರಲ್ಲೂ ಹೆಚ್ಚು ಮಾತಾಡಿದವರು ಕಾಂಪೌಂಡರು. ಜನ ದಾರಿಯಲ್ಲಿ ನಿಲ್ಲಿಸಿ ಹೊಗಳುವುದು ಅವರ ಹಾಸ್ಯವನ್ನೇ. ಅಕ್ಕನ ಮನಸ್ಸಿನಲ್ಲಿ ಎರಡಕ್ಕೆರಡು ಕೂಡಿಹೋಯಿತು: ಡಾಕ್ಟರಿಗೆ ಹೊಟ್ಟೆಕಿಚ್ಚು. ಈ ಆರು ಹೋದರೆ ನಾಳೆ ಉಳಿದವು, ನಾಡಿದ್ದು ಆಸಾಮಿಯೇ. ತನಗೆ ಈ ಕೆಲಸ ಕೊಡಿಸಿದವರನ್ನು ತನ್ನ ಕೈಯಿಂದಲೇ ಹೊರಹಾಕಿಸುತ್ತಿದ್ದಾರೆ. ಹೇಳಲೂ ಆಗದೆ, ಎಸೆಯಲೂ ಆಗದೆ, ಆರು ಚೀಟಿಗಳನ್ನು ಹಗ್ಗದ ತುದಿಗೆ, ಬಾಗಿಲ ಬಳಿ ನೇತುಹಾಕಿದರು.

ಆ ವಾರ ಕಾಂಪೌಂಡರು ಮೈಕಿನ ವೈರು ತೆಗೆದುಕೊಂಡು ಹೋಗಲು ಬಂದರು. ಹೊಸಿಲು ದಾಟುತ್ತಲೇ ಚೀಟಿಗಳು ಹಣೆಗೆ ತಾಗಿದವು. ಕನ್ನಡಕ ಏರಿಸಿ ಒಂದೊಂದನ್ನೇ ಓದಿದರು.

"ನನ್ನವೆಲ್ಲ ಯಾಕಮ್ಮ ಬಾಗಿಲಲ್ಲಿ ನೇತಾಕಿದ್ದೀಯ? ದೃಷ್ಟಿ ತೆಗೆಯೋಕಾ?"

"ಹಂಗಲ್ಲಣ್ಣ..."

"ಹೆಂಗಲ್ಲ? ಅನ್ನ ಹಾಕಿದ ಕೈ ಅಂತ ನೋಡ್ದೆ ಕತ್ತರಿ ಹಾಕಿದ್ದೀಯಲ್ಲ, ಭೇಷ್!"

ಅಕ್ಕನಿಗೆ ಅಳು ಬಂದಿತಂತೆ, ಅದಕ್ಕಿಂತ ಹೆಚ್ಚು ಸಿಟ್ಟು. ಸಂದೇಶವನ್ನು ಅವರ ಮುಖಕ್ಕೆ ಹಿಡಿದರು. ಕಾಂಪೌಂಡರು ವೈರು ಎತ್ತಿಕೊಂಡು, ಅಕ್ಕನನ್ನೂ ಕರೆದುಕೊಂಡು ನೇರ ಆಸ್ಪತ್ರೆಗೆ ನಡೆದರು. ಹಿಂದಿನ ಕೋಣೆಯಲ್ಲಿ ಮೈಕು ಜೋಡಿಸಿ ಡಾಕ್ಟರ ಎದುರು ಕೂತರು. "ಚಾಲೂ ಮಾಡಮ್ಮ. ಇವರು ಹೇಳೋದೆಲ್ಲ ದಾಖಲಾಗ್ಲಿ. ನಾಳೆ ನಾನು ಹಂಗಂದಿಲ್ಲ ಅಂತಾರೆ."

ಡಾಕ್ಟರು ಕೈ ಒರೆಸಿಕೊಂಡರು. ಆಮೇಲೆ ಬಾಯಿಬಿಟ್ಟರು. ಹೊಟ್ಟೆಯುಬ್ಬರಕ್ಕೆ ಎಣ್ಣೆ ಕುಡಿಸುವಾಗ ದನದ ನಾಲಿಗೆ ಹೊರಗೆಳೆದು ಹಿಡಿಯಬೇಕೆಂದು ಕಾಂಪೌಂಡರು ಆರೂ ಕಂತಿನಲ್ಲಿ ಹೇಳಿದ್ದಾರೆ. ನಾಲಿಗೆ ಹಿಡಿದರೆ ದನ ನುಂಗಲಾರದು, ಎಣ್ಣೆ ಶ್ವಾಸಕೋಶಕ್ಕೆ ಇಳಿಯುತ್ತದೆ. ಹಾಗೆ ಮಾಡಿದವರೊಬ್ಬರ ಹಸು ಬದುಕಿದ್ದೇ ಹೆಚ್ಚು. ನಿಮ್ಮ ಕಂತು ಕೇಳಿಯೇ ಮಾಡಿದ್ದು ಅಂದರಂತೆ ಅವರು.

"ಇಷ್ಟು ವರ್ಷದ ಸ್ನೇಹ. ಮುಖದ ಮೇಲೆ ಹೆಂಗಯ್ಯಾ ಹೇಳೋದು?"

"ಮುಖ ಬಿಟ್ಟು ಬೆನ್ನಿಗೆ ಹೇಳಿದ್ರಲ್ಲ!"

ಅಕ್ಕನ ಲೆಕ್ಕಾಚಾರ ತಲೆಕೆಳಗಾಯಿತು. ಆರು ಸಲ ಕೇಳಿದ್ದರೂ ನಾಲಿಗೆಯ ಮಾತು ಅವರಿಗೆ ಹೊಳೆದಿರಲಿಲ್ಲ. ಹೊಟ್ಟೆಕಿಚ್ಚನ್ನೇ ಹುಡುಕುತ್ತಿದ್ದ ಕಿವಿ ಅದು. ಆದರೆ ಇನ್ನೊಂದು ಸಂಗತಿ ಈಗ ನೆನಪಿಗೆ ಬಂತು.

"ಡಾಕ್ಟ್ರೇ, ಅಣ್ಣ ನಾಲಿಗೆ ಹಿಡೀರಿ ಅಂದಾಗೆಲ್ಲ ನೀವು ಪಕ್ಕದಲ್ಲಿ ‘ಹೂಂ’ ಅಂದಿದ್ದೀರಿ. ಆರಕ್ಕೆ ಆರೂ."

ಡಾಕ್ಟರು ಮೇಜು ನೋಡಿದರು. ಕಂತು ನಡೆಯುವಾಗ ತಾವು ಫೋನ್ ನೋಡುತ್ತ ಕೂತಿರುತ್ತಿದ್ದುದನ್ನು ಒಪ್ಪಿಕೊಂಡರು. ಕಾಂಪೌಂಡರು ದೊಡ್ಡದಾಗಿ ನಕ್ಕರು. ನಕ್ಕು ಮುಗಿದ ಮೇಲೆ ಇಳಿದನಿಯಲ್ಲಿ ಕೇಳಿದರು: "ಆ ಹಸು ಈಗ ಹೆಂಗಿದೆ?"

ಆ ಜಗಳವೇ ಇಂದು ಮೂರನೆಯ ಸೀಸನ್ನಿನ ಮೊದಲ ಕಂತು. ಇಬ್ಬರೂ ಹೂಂ ಅಂದ ಮೇಲೆಯೇ ಏರಿಸಿದ್ದು. ತಲೆ ಬೆನ್ನಿಗಿಂತ ಮೇಲೆತ್ತದೆ, ಬಾಯಿಯ ಪಕ್ಕದಿಂದ, ನಿಧಾನವಾಗಿ ಕುಡಿಸುವುದು ಹೇಗೆಂದು ಕೊನೆಯಲ್ಲಿ ಕಾಂಪೌಂಡರೇ ಹೇಳುತ್ತಾರೆ, ಡಾಕ್ಟರು ಫೋನ್ ಬದಿಗಿಟ್ಟು ಕೇಳಿಸಿಕೊಳ್ಳುತ್ತಾರೆ. ಅಕ್ಕ ಅದರಲ್ಲಿ ಒಂದು ಕೆಮ್ಮನ್ನೂ ತೆಗೆದಿಲ್ಲ. ಆರು ಹಳೆಯ ಕಂತುಗಳಿಂದ ನಾಲಿಗೆಯ ಮಾತಷ್ಟನ್ನೇ ಕತ್ತರಿಸಿ, ಹಾಗೆ ಕತ್ತರಿಸಿದ್ದೇವೆಂದು ಮೊದಲಲ್ಲೇ ಹೇಳಿಸಿ, ಅವವುಗಳ ಜಾಗಕ್ಕೆ ಸೇರಿಸಿದ್ದಾರೆ.

ಸಂಶಯ ಪೂರ್ತಿ ಹೋಗಿದೆಯೆಂದಲ್ಲ. ಕಾಂಪೌಂಡರು ಈಗಲೂ ಏನೋ ನೆಪ ಮಾಡಿಕೊಂಡು ಬಂದು, ಹಗ್ಗದ ಮೇಲೆ ತಮ್ಮ ಚೀಟಿಗಳೆಲ್ಲಿವೆ ಎಂದು ಕಣ್ಣಾಡಿಸಿ ಹೋಗುತ್ತಾರೆ. ಇಬ್ಬರೂ ಇತ್ತೀಚೆಗೆ ಮೈಕಿನ ಮುಂದೆ ಒಬ್ಬರಿಗೊಬ್ಬರು ‘ನೀವೇ ಹೇಳಿ’ ಎನ್ನುವುದು ಹೆಚ್ಚಾಗಿದೆಯೆಂದು ಅಕ್ಕನಿಗೂ ಗುಮಾನಿ. "ಇಷ್ಟೊಂದು ಮರ್ಯಾದೆ ಒಳ್ಳೇದಲ್ಲ" ಎನ್ನುತ್ತಾರೆ.

ನಿಮ್ಮ ಹೆಸರನ್ನೂ ಕಂತಿನ ಕೊನೆಯಲ್ಲಿ ಹೇಳಿಸಬಾರದೇ ಎಂದರೆ ಅಕ್ಕ ಬೇಡವೆಂದು ಕೈಯಾಡಿಸಿಬಿಡುತ್ತಾರೆ.

"ಹೆಸರು ಯಾಕೆ? ಸೀಸನ್ ಮೊದಲಿಂದ ಕೇಳಿದವರು ಕೊನೇ ಕಂತಿಗೆ ಬಂದಾಗ ಇಬ್ಬರೂ ಇನ್ನೂ ಒಟ್ಟಿಗೇ ಇದ್ದಾರಲ್ಲ ಅಂದ್ರೆ ನನಗೆ ಸಾಕು" ಎಂದು ಹೆಡ್‌ಫೋನ್ ಏರಿಸಿಕೊಳ್ಳುತ್ತಾರೆ. ಒಂದು ಕಿವಿಯಿಂದ ಸರಿಸಿ ಸೇರಿಸುತ್ತಾರೆ: "ಅಂದವರು ನಿಜವಾಗ್ಲೂ ಪೂರ್ತಿ ಕೇಳಿದ್ದಾರಾ ಅಂತ ಮಾತ್ರ ಒಂದೆರಡು ಪ್ರಶ್ನೆ ಕೇಳಿ ನೋಡ್ತೀನಿ."